ಪಾಲಿಗೆ ಬಂದ ಮದ್ದಿನ ಡಬ್ಬಿ

ಗೋಕಾಕ ಸೀಮೆಯಲ್ಲಿ ಮನೆ ಒಡೆದು ಪಾಲಾಗುವಾಗ ಎಲ್ಲದಕ್ಕೂ ಒಂದು ಲೆಕ್ಕವಿರುತ್ತದೆ. ಕಬ್ಬಿನ ಹೊಲವನ್ನು ಗುಂಟೆ ಗುಂಟೆಯಾಗಿ ಅಳೆಯುತ್ತಾರೆ. ಬಾವಿಯ ನೀರಿಗೆ ಪಾಳಿ ಹಚ್ಚುತ್ತಾರೆ. ತಾಮ್ರದ ಹಂಡೆಯನ್ನು ತೂಕಕ್ಕಿಡುತ್ತಾರೆ, ಎಮ್ಮೆಗೆ ಹಿರಿಯರು ಬೆಲೆ ಕಟ್ಟುತ್ತಾರೆ. ದೇವರ ಜಗಲಿ ಹಿರಿಯವನಿಗೆ ಹೋದರೆ ಹಳೆಯ ಸಾಲ ಎಲ್ಲರಿಗೂ ಸಮನಾಗಿ ಬರುತ್ತದೆ. ಯಾವ ಲೆಕ್ಕಕ್ಕೂ ಸಿಗದೆ ಪಂಚರನ್ನು ತಲೆ ಕೆರೆದುಕೊಳ್ಳುವಂತೆ ಮಾಡುವ ವಸ್ತು ಒಂದೇ, ಬಂದೂಕು. ನಳಿಗೆ ಅಣ್ಣನಿಗೆ, ಹಿಡಿಕೆ ತಮ್ಮನಿಗೆ ಎಂದು ತೀರ್ಮಾನಿಸಿದರೆ ಅಣ್ಣತಮ್ಮಂದಿರಿಗೆ ಏನೂ ಗಿಟ್ಟುವುದಿಲ್ಲ, ವಕೀಲರಿಗೆ ಗಿಟ್ಟುತ್ತದೆ.

ಪಾಲಿನ ವಿಷಯದಲ್ಲಿ ನಮ್ಮ ಭಾಗದವರು ಅನನುಭವಿಗಳೇನಲ್ಲ. ಮೂಡಲಗಿಯೇ 2018ರಲ್ಲಿ ಗೋಕಾಕದಿಂದ ತನ್ನ ಪಾಲು ತೆಗೆದುಕೊಂಡು ಬೇರೆ ತಾಲೂಕಾಗಿ ಒಲೆ ಹೂಡಿತು. ತಹಶೀಲ್ದಾರರು ಬೇರೆಯಾದರು, ಬೀಗತನ ಬೇರೆಯಾಗಲಿಲ್ಲ. ಗೋಕಾಕದಲ್ಲಿ ಮನೆ, ಮೂಡಲಗಿಯಲ್ಲಿ ಸೋದರಮಾವ, ಹುಕ್ಕೇರಿಯಲ್ಲಿ ಅಕ್ಕನ ಗಂಡ. ನನಗೆ ಬೇಕಾದ ಮತ್ತು ಬೇಡವಾದ ಸಲಹೆಗಳೆಲ್ಲ ಈ ಮೂರು ಊರುಗಳ ನಡುವಿನ ಬಸ್ಸುಗಳಲ್ಲೇ ಓಡಾಡಿಕೊಂಡಿರುತ್ತವೆ.

ನಮ್ಮ ಮನೆಯ ಬಂದೂಕಿನ ತಂಟೆಯನ್ನು ಕಾಯ್ದೆಯೇ ಬಗೆಹರಿಸಿತ್ತು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸುದಾರನಿಗೆ 70 ವರ್ಷ ತುಂಬಿದಾಗ ಅಥವಾ ಅವನು ಬಂದೂಕನ್ನು 25 ವರ್ಷ ಇಟ್ಟುಕೊಂಡಾಗ, ಇವೆರಡರಲ್ಲಿ ಯಾವುದು ಮೊದಲೋ ಆಗ, ವಾರಸುದಾರರಲ್ಲಿ ಒಬ್ಬರ ಹೆಸರನ್ನು ಸೂಚಿಸಬಹುದು. ದೊಡ್ಡಪ್ಪ ಬದುಕಿರುವಾಗಲೇ ತಮ್ಮ ಮಗನ ಹೆಸರು ಬರೆಸಿ, ಅರ್ಜಿ ಹಾಕಿಸಿ, ಲೈಸೆನ್ಸು ಮಾಡಿಸಿಟ್ಟಿದ್ದರು. ಹೀಗಾಗಿ ಜೋಡಿ ನಳಿಗೆಯ ಬಾರಾ ಬೋರ್ ಬಂದೂಕು ಪಾಲಿನ ಮಾತಿಲ್ಲದೆ ಅಣ್ಣನ ಮನೆಗೆ ಹೋಯಿತು. ಉಳಿದದ್ದು ಅಟ್ಟದಿಂದ ಇಳಿಸಿದ ಒಂದು ಕಬ್ಬಿಣದ ಟ್ರಂಕು. ಮುತ್ಯಾ ಕಾಡತೂಸಿಗೆ ಬಾರು ತುಂಬುತ್ತಿದ್ದ ಸಾಮಾನೆಲ್ಲ ಅದರಲ್ಲಿತ್ತು. ಪಂಚರು ಅದನ್ನು ನೋಡಿದರು, ಒಬ್ಬರ ಮುಖ ಒಬ್ಬರು ನೋಡಿದರು, ಕಡೆಗೆ ನನ್ನ ಮುಖ ನೋಡಿದರು. “ನೀ ನಾಕ ಪುಸ್ತಕಾ ಓದಿದಾಂವ ಅದಿ. ಇದು ನಿನಗಿರ್ಲಿ” ಎಂದರು. ಬಂದೂಕು ಒಬ್ಬನ ಮನೆಯಲ್ಲಿ, ಮದ್ದು ಇನ್ನೊಬ್ಬನ ಮನೆಯಲ್ಲಿ! ದೊಡ್ಡ ದೊಡ್ಡ ದೇಶಗಳು ಮೇಜು ಸುತ್ತಿ ಕುಳಿತು ಸಾಧಿಸಲಾರದ ನಿಶ್ಶಸ್ತ್ರೀಕರಣವನ್ನು ನಮ್ಮ ಪಂಚರು ಒಂದು ಕಪ್ಪು ಚಹಾದಲ್ಲಿ ಮುಗಿಸಿಬಿಟ್ಟರು. ಪಾಲಿಗೆ ಬಂದದ್ದು ಪಂಚಾಮೃತ ಎನ್ನುತ್ತಾರೆ. ಪಂಚಾಮೃತಕ್ಕೆ ಗಂಧಕ ಹಾಕುವುದಿಲ್ಲ ಎಂಬುದನ್ನು ಮಾತ್ರ ಆ ಹೊತ್ತಿಗೆ ಯಾರೂ ನೆನಪಿಸಲಿಲ್ಲ.

ಟ್ರಂಕಿನ ಸಾಮಾನನ್ನು ಸ್ವಲ್ಪ ಸಾವಕಾಶವಾಗಿ ಹೇಳಬೇಕು. ಮೇಲೆಯೇ ಇದ್ದದ್ದು ಮರದ ಹಿಡಿಕೆಯ ಒಂದು ಹಿತ್ತಾಳೆ ಬಟ್ಟಲು, ಮದ್ದು ಅಳೆಯುವುದಕ್ಕೆ. ಅದರ ಮೈಮೇಲೆ ಡ್ರಾಮಿನ ಗೆರೆಗಳು. ಕೇಪು ತೆಗೆಯಲೊಂದು, ಕೂರಿಸಲೊಂದು ಸಣ್ಣ ಇಕ್ಕಳ. ಸೀಸದ ಛರ್ರಾ ತುಂಬಿದ ಚರ್ಮದ ಚೀಲ. ಚೀಲ ಹರಿದು, ಛರ್ರಾ ಟ್ರಂಕಿನ ಮೂಲೆ ಮೂಲೆಗೂ ಉರುಳಿಕೊಂಡಿತ್ತು. ಹಿತ್ತಾಳೆಯ ಖಾಲಿ ಕಾಡತೂಸುಗಳು, ಒಂದನ್ನೇ ಮತ್ತೆ ಮತ್ತೆ ತುಂಬಲು ಬರುವಂಥವು. ಬುಡದಲ್ಲಿ ಎಲಿ ಕಂಪನಿಯ ಹೆಸರು ಒತ್ತಿದ ಕೆಲವು ಕಾಗದದ ಕಾಡತೂಸುಗಳು, ನಮ್ಮ ಮಳೆಗಾಲಗಳನ್ನೆಲ್ಲ ಕುಡಿದು ಉಬ್ಬಿದ್ದವು. ನಳಿಗೆಯೊಳಗೆ ಅವು ಇಳಿಯುವ ಮಾತೇ ಇರಲಿಲ್ಲ. ಮದ್ದು ಮತ್ತು ಛರ್ರಾದ ನಡುವೆ ಕೂರಿಸುವ ಉಣ್ಣೆಯ ಬಿಲ್ಲೆಗಳು ಒಂದು ಡಬ್ಬಿ. ಅಂಗಡಿಯ ಬಿಲ್ಲೆ ತುಟ್ಟಿ ಎಂದು ಮುತ್ಯಾ ಅವನ್ನು ಮನೆಯಲ್ಲೇ ಕತ್ತರಿಸುತ್ತಿದ್ದ. ನಮ್ಮ ಮನೆಯ ಹಳೆಯ ಕಂಬಳಿಗಳ ತುಂಬ ಒಂದೇ ಅಳತೆಯ ದುಂಡು ತೂತುಗಳು ಏಕಿದ್ದವು ಎಂಬುದು ಆ ದಿನ ತಿಳಿಯಿತು. ಅಷ್ಟು ವರ್ಷ ಆ ಅಪವಾದವನ್ನು ಇಲಿಗಳು ಹೊತ್ತಿದ್ದವು.

ಎಲ್ಲಕ್ಕಿಂತ ಗಂಭೀರವಾದದ್ದು ಒಂದು ಯಂತ್ರ. ಮೇಜಿನ ಅಂಚಿಗೆ ತಿರುಪು ಬಿಗಿದು ನಿಲ್ಲಿಸುವಂಥದ್ದು, ಪಕ್ಕದಲ್ಲಿ ತಿರುಗಿಸುವ ಹಿಡಿಕೆ. ನೋಡಲಿಕ್ಕೆ ಥೇಟು ಶ್ಯಾವಿಗಿ ಮಷೀನು. ತುಂಬಿದ ಕಾಗದದ ಕಾಡತೂಸನ್ನು ಅದರಲ್ಲಿಟ್ಟು ಹಿಡಿಕೆ ತಿರುಗಿಸಿದರೆ ತುದಿಯ ಕಾಗದ ಒಳಗೆ ಮಡಚಿ ಬಾಯಿ ಮುಚ್ಚಿಕೊಳ್ಳುತ್ತದೆ. ದೊಡ್ಡವ್ವ ಹೊಸ ಸೊಸೆಯಾಗಿ ಬಂದ ವರ್ಷ ಯುಗಾದಿಯ ಮುಂದೆ ಅಟ್ಟ ಹತ್ತಿ ಇದನ್ನು ಕಂಡು, “ಮಾವಾರ, ಇಂಥಾ ಚಲೋ ಶ್ಯಾವಗಿ ಮಷೀನ ಇಟಗೊಂಡು ನಮ್ಮ ಕೈಲೆ ಮಣಿ ಮ್ಯಾಲ ಯಾಕ ಹೊಸಸ್ತೀರಿ?” ಎಂದು ಕೇಳಿದ್ದರಂತೆ. ಮುತ್ಯಾ ಏನೂ ಮಾತಾಡದೆ ಗೋಕಾಕ ಪೇಟೆಗೆ ಹೋಗಿ ನಿಜವಾದ ಶ್ಯಾವಿಗಿ ಮಷೀನು ತಂದುಕೊಟ್ಟನಂತೆ. ಮದ್ದಿನಿಂದ ನಮ್ಮ ಮನೆಗೆ ಆದ ನಿವ್ವಳ ಲಾಭ ಇದೊಂದೇ ಎಂದು ದೊಡ್ಡವ್ವ ಈಗಲೂ ಹೇಳುತ್ತಾರೆ.

ಟ್ರಂಕಿನ ತಳದಲ್ಲಿ, ಹಳೆಯ ಪಂಚಾಂಗದ ಹಾಳೆಗಳ ನಡುವೆ, ಒಂದು ಹಾಲಿನ ಪುಡಿಯ ಡಬ್ಬಿ. ಡಬ್ಬಿಯ ಮೇಲೆ ಗುಂಡು ಗುಂಡಾದ ಕೂಸೊಂದು ನಗುತ್ತಿತ್ತು. ಒಳಗಿದ್ದದ್ದು ಮದ್ದು.

ಮುತ್ಯಾ ಕೈಯಾರೆ ಬಾರು ತುಂಬುತ್ತಿದ್ದ ಕಾಲಕ್ಕೆ ಅದೊಂದು ಶೋಕಿಯಾಗಿರಲಿಲ್ಲ. ತುಂಬಿದ ಕಾಡತೂಸು ಕೊಳ್ಳಬೇಕೆಂದರೆ ಬೆಳಗಾವಿಗೆ ಹೋಗಬೇಕು. ರೊಕ್ಕವೂ ಬೇಕು, ಒಂದು ದಿನವೂ ಬೇಕು. ಹಿತ್ತಾಳೆಯ ಕಾಡತೂಸಾದರೆ ಖರ್ಚಾಗುವುದು ಮದ್ದು, ಕೇಪು, ಛರ್ರಾ ಮಾತ್ರ. ಅವನ ಹಳೆಯ ಲೈಸೆನ್ಸಿನಲ್ಲಿ ಈ ಮೂರಕ್ಕೂ ಬೇರೆ ಬೇರೆ ಸಾಲುಗಳಿದ್ದವು. ತುಂಬುವ ಕೆಲಸ ಹಗಲಿನಲ್ಲೇ ಆಗಬೇಕು. ಕಂದೀಲು ಹತ್ತಿರ ಬರುವಂತಿಲ್ಲ. ಬೀಡಿ ಸೇದುವ ಮಂದಿಯನ್ನು ಓಣಿಯ ಆಚೆ ಕಳಿಸುತ್ತಿದ್ದನಂತೆ. ತುಂಬುವಾಗ ಯಾರ ಜೊತೆಯೂ ಮಾತಿಲ್ಲ. ಜೀವಮಾನವಿಡೀ ಮಾತಾಡುತ್ತಲೇ ಇದ್ದ ಮನುಷ್ಯ ಬಾಯಿ ಮುಚ್ಚಿಕೊಂಡಿರುತ್ತಿದ್ದದ್ದು ಆಗ ಮಾತ್ರ, ಆದ್ದರಿಂದ ನಮ್ಮ ಆಯಿಗೆ ಆ ಕೆಲಸದ ಮೇಲೆ ಗೌರವವಿತ್ತು.

ಬಾರು ತುಂಬಿಕೊಂಡು ಅವನು ಹೋಗುತ್ತಿದ್ದದ್ದು ಧೂಪದಾಳಕ್ಕೆ. ಘಟಪ್ರಭಾ ನದಿಗೆ ಅಲ್ಲಿ 1897ರಲ್ಲಿ ಒಡ್ಡು ಕಟ್ಟಿದ ಮೇಲೆ ಹಿಂದೆ ನಿಂತ ನೀರಿಗೆ ಚಳಿಗಾಲದಲ್ಲಿ ದೂರದೇಶದ ಹಕ್ಕಿಗಳು ಬಂದಿಳಿಯುತ್ತವೆ. ಬಾತು ಹೊಡೆಯಲು ದೊಡ್ಡ ದೊಡ್ಡ ಸಾಹೇಬರೂ ಬರುತ್ತಿದ್ದರೆಂದು ಮುತ್ಯಾ ಹೇಳುತ್ತಿದ್ದ. ಆ ಸಾಹೇಬರ ಮುಂದೆ ತಾನು ಹೊಡೆದ ಬಾತುಗಳ ಸಂಖ್ಯೆ ಪ್ರತಿ ಸಲ ಹೇಳುವಾಗಲೂ ಬೆಳೆಯುತ್ತಿತ್ತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1974ರಲ್ಲಿ ಧೂಪದಾಳದ ನೀರೇ ಘಟಪ್ರಭಾ ಪಕ್ಷಿಧಾಮವಾಯಿತು. 1991ರ ತಿದ್ದುಪಡಿ ಬೇಟೆಯ ಬಾಗಿಲನ್ನು ಪೂರ್ತಿ ಹಾಕಿತು. ಈಗ ಅಲ್ಲಿಗೆ ಬರುವ ಸಾಹೇಬರ ಕೈಯಲ್ಲಿ ಇರುವುದು ಕ್ಯಾಮೆರಾ. ಅದರ ನಳಿಗೆ ಮುತ್ಯಾನ ಬಂದೂಕಿನದಕ್ಕಿಂತ ದಪ್ಪ, ಬೆಲೆಯೂ ಹೆಚ್ಚು. ಟ್ರಂಕು ಅಟ್ಟ ಹತ್ತಿದ್ದು ಪಕ್ಷಿಧಾಮವಾದ ಮೇಲೆಯೇ. ಹಕ್ಕಿಗಳು ಬದುಕಿದವು, ಮುತ್ಯಾನ ಲೆಕ್ಕವೂ ಅಲ್ಲಿಗೇ ನಿಂತಿತು.

ಇಷ್ಟು ವರ್ಷದ ಮೇಲೆ ಟ್ರಂಕು ಇಳಿದದ್ದೇ ತಡ, ಅಣ್ಣನಿಗೆ ಉಮೇದು ಬಂತು. ಅವನ ಹೊಲ ಗುಡ್ಡದ ಬುಡದಲ್ಲಿದೆ. ಕಾಡುಹಂದಿಗಳು ರಾತ್ರಿ ಕಬ್ಬಿಗೂ ಗೋವಿನಜೋಳಕ್ಕೂ ನುಗ್ಗುತ್ತವೆ. ಓಡಿಸಲು ಗಾಳಿಯಲ್ಲಿ ಒಂದು ಈಡು ಹಾರಿಸೋಣವೆಂದರೆ ಕಾಡತೂಸು ತುಟ್ಟಿ. “ತಮ್ಮಾ, ಮುತ್ಯಾನ ಮಷೀನ ಐತಿ, ಮದ್ದ ಐತಿ, ಛರ್ರಾ ಐತಿ. ರೊಕ್ಕಾ ಕೊಟ್ಟ ಯಾಕ ತರೂದು? ನಾವ ಬಾರ ತುಂಬೂಣು” ಎಂದ. ಖಡಕಿಯ ಮದ್ದುಗುಂಡು ಕಾರ್ಖಾನೆ 1869ರಿಂದ ಮಾಡಿಕೊಂಡು ಬಂದ ಕೆಲಸವನ್ನು ನಮ್ಮ ಪಡಸಾಲೆಯಲ್ಲಿ ಮಾಡಿ ಮುಗಿಸುವ ಹುರುಪು ಅವನದು.

ನಾನು ಪುಸ್ತಕ ಓದಿದವನೆಂದು ಟ್ರಂಕು ಕೊಟ್ಟವರು, ಸಲಹೆಯನ್ನು ಮಾತ್ರ ಪುಸ್ತಕ ಓದದೆಯೇ ಕೊಡತೊಡಗಿದರು. ಮೂಡಲಗಿಯ ಮಾಮಾ ಸುದ್ದಿ ಕೇಳಿದ ಮರುದಿನವೇ ಬಂದರು. ಅವರ ಪ್ರಕಾರ ಹಳೆಯ ಮದ್ದಿಗೆ ತಂಪು ಹಿಡಿದಿರುತ್ತದೆ, ಅಷ್ಟೇ. “ಮಾಳಗಿ ಮ್ಯಾಲ ತಗಡಿನ್ಯಾಗ ಹರವಿ ಒಣಗಸು. ಹೆಂಗೂ ಮೆಣಸಿನಕಾಯಿ ಒಣಗಾಕತ್ತಾವು, ಒಬ್ಬಾಂವನ ಎರಡೂ ಕಾಯ್ತಾನು.” ಕಾಯುವವನಿಗೆ ಬೀಡಿಯ ಚಟ ಇತ್ತು ಎಂಬುದು ಮಾಮಾರ ಯೋಜನೆಯಲ್ಲಿ ಸೇರಿರಲಿಲ್ಲ. ಪಕ್ಕದ ಮನೆಯ ಕಾಕಾ ಬಾವಿಗೆ ಸುರಿದುಬಿಡಲು ಹೇಳಿದರು. ಬಾವಿ ಅವರದಲ್ಲ, ನಮ್ಮದು. ಓಣಿಯ ಹುಡುಗರು ದೀಪಾವಳಿಯವರೆಗೆ ಇಟ್ಟುಕೊಳ್ಳಲು ಕೇಳಿಕೊಂಡರು.

ಹುಕ್ಕೇರಿಯ ಭಾವ ಕಡೆಗೆ ಬಂದರು. ಫೌಜಿನಲ್ಲಿ ಸುಬೇದಾರರಾಗಿ ನಿವೃತ್ತರಾದವರು, ಮಾತು ಕಡಿಮೆ. ಹಿಡಕಲ್ ಜಲಾಶಯದ ಕಡೆಯಿಂದ ಮೋಟಾರು ಸೈಕಲ್ಲಿನಲ್ಲಿ ಬಂದು, ಹೆಲ್ಮೆಟ್ಟು ತೆಗೆಯದೆಯೇ ಟ್ರಂಕಿನೊಳಗೆ ಬಗ್ಗಿ ನೋಡಿದರು. ಡಬ್ಬಿಯ ಮೇಲೆ ನಗುತ್ತಿದ್ದ ಕೂಸಿನ ಮುಖವನ್ನು ಬಹಳ ಹೊತ್ತು ನೋಡಿ, “ಇದರಾಗ ಯಾವ ಮದ್ದೈತಿ?” ಎಂದರು. ಅಣ್ಣ, “ಮದ್ದಂದ್ರ ಮದ್ದ ಅಲ್ಲೇನ್ರಿ ಭಾವಾರ?” ಎಂದ. “ಅಲ್ಲ” ಎಂದು ಭಾವ ಕುಳಿತರು. ಆಮೇಲೆ ಅವರು ಬಿಡಿಸಿ ಹೇಳಿದಷ್ಟು ಮಾತನ್ನು ನನ್ನ ಅಕ್ಕನೂ ಅದುವರೆಗೆ ಕೇಳಿರಲಿಲ್ಲ.

ಮದ್ದಿನಲ್ಲಿ ಎರಡು ಜಾತಿ. ಒಂದು ಕರಿಮದ್ದು, ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿದ್ದು. ಹೊತ್ತಿದರೆ ಬಿಳಿ ಹೊಗೆ ಕವಿದು ಹೊಡೆದವನಿಗೆ ಹಕ್ಕಿಯೂ ಕಾಣುವುದಿಲ್ಲ. ಬಹುಶಃ ಮುತ್ಯಾನ ಲೆಕ್ಕ ಬೆಳೆಯಲು ಅದೂ ಒಂದು ಕಾರಣ. ಇನ್ನೊಂದು ಹೊಗೆಯಿಲ್ಲದ ಮದ್ದು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ಎಂಬ ರಸಾಯನಶಾಸ್ತ್ರಜ್ಞ ಅದನ್ನು ಬಳಕೆಗೆ ತಂದ ಮೇಲೆ ಬಂದೂಕುಗಳ ಚಹರೆಯೇ ಬದಲಾಯಿತು. ಇದರ ಬಲ ಬಹಳ ಹೆಚ್ಚು. ಕರಿಮದ್ದಿಗೆಂದು ಮಾಡಿದ ಬಟ್ಟಲಿನಲ್ಲಿ ಹೊಗೆಯಿಲ್ಲದ ಮದ್ದನ್ನು ಅಳೆದು ತುಂಬಿದರೆ ನಳಿಗೆಯೇ ಸಿಡಿಯಬಹುದು. ಹಳೆಯ ಕಾಲದ ಬಂದೂಕುಗಳಲ್ಲಿ ಕಬ್ಬಿಣ ಉಕ್ಕಿನ ಪಟ್ಟಿಗಳನ್ನು ಸುತ್ತಿ ಬೆಸೆದು ಮಾಡಿದ ನಳಿಗೆಗಳಿರುತ್ತವೆ. ಮೈಮೇಲೆ ಅಲೆ ಅಲೆಯಾಗಿ ಚೆಂದ ಕಾಣುತ್ತವೆ. ಅವು ಕರಿಮದ್ದಿನ ಕಾಲದವು, ಹೊಸ ಮದ್ದಿನ ಒತ್ತಡ ತಡೆಯುವ ಭರವಸೆ ಅವಕ್ಕಿಲ್ಲ. ಬಂದೂಕು ಯಾವುದಕ್ಕೆ ತಕ್ಕದ್ದು ಎಂಬ ಪರೀಕ್ಷೆಯ ಮುದ್ರೆ ನಳಿಗೆಯ ಬುಡದಲ್ಲಿರುತ್ತದೆ. ಓದಲು ಬಲ್ಲವರು ಓದಬೇಕು.

ಇನ್ನು ಹಳತಾಗುವ ಮಾತು. ಕರಿಮದ್ದು ಒಣಗಿದ್ದರೆ ತಲೆಮಾರು ಕಳೆದರೂ ತನ್ನ ಗುಣ ಬಿಡುವುದಿಲ್ಲ. ಒಂದು ಕಿಡಿ ಅದಕ್ಕೆ ಸಾಕು, ಮುತ್ಯಾ ಸತ್ತನೆಂದು ಅದು ಸೂತಕ ಹಿಡಿಯುವುದಿಲ್ಲ. ಹೊಗೆಯಿಲ್ಲದ ಮದ್ದು ಕಾಲ ಸರಿದಂತೆ ತನ್ನಷ್ಟಕ್ಕೇ ಕೊಳೆಯುತ್ತದೆ. ಅದನ್ನು ತಡೆಯಲು ಬೆರೆಸಿದ ರಾಸಾಯನಿಕ ತೀರಿದ ಮೇಲೆ ಆಮ್ಲದ ಘಾಟು ಹೊಮ್ಮುತ್ತದೆ, ಕೆಲವೊಮ್ಮೆ ಕೆಂಗಂದು ಹೊಗೆ ಏಳುತ್ತದೆ, ಡಬ್ಬಿಯ ತಗಡು ಒಳಗಿನಿಂದ ತುಕ್ಕು ತಿನ್ನುತ್ತದೆ. ರಾಶಿ ದೊಡ್ಡದಿದ್ದು ಜಾಗ ಬಿಸಿಯಾಗಿದ್ದರೆ ತಾನಾಗಿಯೇ ಕಾದು ಹೊತ್ತಿಕೊಳ್ಳುವುದೂ ಉಂಟು. ಮಾಮಾರ ತಗಡು, ಬಿಸಿಲು, ಮಾಳಿಗೆ ಮೂರೂ ಈ ಮಾತಿಗೆ ತಣ್ಣಗಾದವು. ಕೇಪುಗಳದು ಬೇರೆ ಕಥೆ. ಹಳೆಯ ಕೇಪು ಹಾರದೆ ಹೋಗಬಹುದು, ಹಾರಬಹುದು, ಕುದುರೆ ಬಡಿದು ಒಂದು ಗಳಿಗೆ ಬಿಟ್ಟು ಹಾರಬಹುದು. ಏಕೆ ಹಾರಲಿಲ್ಲ ಎಂದು ಬಂದೂಕು ಮಡಚಿ ನೋಡುವವನ ಮುಖದ ಎದುರಿಗೇ ಈ ಮೂರನೆಯದು ಆಗುವ ಸಂಭವ ಜಾಸ್ತಿ.

“ಫೌಜಿನ್ಯಾಗ ಚೀಟಿ ಇಲ್ಲದ ಡಬ್ಬಿ ಯಾರೂ ಮುಟ್ಟೂದಿಲ್ಲ” ಎಂದರು ಭಾವ ಎದ್ದು ನಿಂತು. “ಮುಟ್ಟಿದಾಂವನ ಹೆಸರ ಬ್ಯಾರೆ ಚೀಟಿ ಮ್ಯಾಲ ಬರೀತಾರು.” ಹೆಲ್ಮೆಟ್ಟು ತೆಗೆಯದೆಯೇ ಹೊರಟರು.

ಅಣ್ಣ ಅಷ್ಟಕ್ಕೆ ಬಿಡುವವನಲ್ಲ. “ಮದ್ದ ಹೊಸಾದ ತರೂಣು. ಮಷೀನ ಅಂತೂ ನಮ್ಮದ ಐತೆಲ್ಲ” ಎಂದ. ಪುಸ್ತಕ ಓದಿದ ಆರೋಪ ನನ್ನ ಮೇಲಿತ್ತಲ್ಲ, ಅದನ್ನು ಸಾರ್ಥಕ ಮಾಡಲು 1959ರ ಶಸ್ತ್ರಾಸ್ತ್ರ ಕಾಯ್ದೆಯನ್ನು ತೆಗೆದು ಕುಳಿತೆ. ಲಲಿತ ಸಾಹಿತ್ಯದಲ್ಲಿ ಆಸಕ್ತಿಯಿರುವವರು ಅದರ ವ್ಯಾಖ್ಯೆಗಳ ಭಾಗವನ್ನು ಓದಬೇಕು. ಮದ್ದುಗುಂಡು ಎಂದರೆ ಏನೇನು ಎಂದು ಪಟ್ಟಿ ಮಾಡುತ್ತ ರಾಕೆಟ್ಟು, ಬಾಂಬು, ಗ್ರೆನೇಡುಗಳಿಂದ ಅದು ಶುರುವಾಗುತ್ತದೆ. ಬಂದೂಕಿನ ಬಾರು, ಬಾರಿನ ಪರಿಕರ ಎಂದು ಮುಂದುವರಿದು, ಮದ್ದುಗುಂಡಿನ ಬಿಡಿಭಾಗಗಳು ಮತ್ತು ಅದನ್ನು ತಯಾರಿಸುವ ಯಂತ್ರಗಳು ಎನ್ನುವಲ್ಲಿಗೆ ಬರುತ್ತದೆ. ಎಂದರೆ ಕಾಯ್ದೆಯ ಕಣ್ಣಿನಲ್ಲಿ ದೊಡ್ಡವ್ವನ ಶ್ಯಾವಿಗಿ ಮಷೀನು ಕೂಡ ಮದ್ದುಗುಂಡೇ. ಖಾಲಿ ಕಾಡತೂಸೂ ಅದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತದೆ.

ಮುಂದೆ ಐದನೆಯ ಸೆಕ್ಷನ್ನು. ಬಂದೂಕು ಇಟ್ಟುಕೊಳ್ಳುವ ಲೈಸೆನ್ಸು ಬೇರೆ, ಮದ್ದುಗುಂಡು ತಯಾರಿಸುವ ಲೈಸೆನ್ಸು ಬೇರೆ. ಮೊದಲನೆಯದು ಇದ್ದವನಿಗೆ ಎರಡನೆಯದು ತಾನಾಗಿ ಬರುವುದಿಲ್ಲ. ಅದಿಲ್ಲದೆ ತಯಾರಿಗೆ ಕೈ ಹಾಕಿದರೆ, 2019ರ ತಿದ್ದುಪಡಿಯ ನಂತರ, ಕನಿಷ್ಠ 7 ವರ್ಷದ ಸೆರೆ, ಜೀವಾವಧಿಯವರೆಗೂ ಹೋಗಬಹುದು. ಸಿಡಿಮದ್ದಿನ ಲೆಕ್ಕ ಕೇಳಲು 1884ರ ಸ್ಫೋಟಕ ಕಾಯ್ದೆ ಬೇರೆ ಕಾದು ನಿಂತಿದೆ. ಅಣ್ಣ ಬೆರಳು ಮಡಚಿ ಲೆಕ್ಕ ಹಾಕಿದ. ಕಾಡತೂಸಿನಲ್ಲಿ ಉಳಿಯುವ ರೊಕ್ಕಕ್ಕಿಂತ ಹಿಂಡಲಗಿ ಜೈಲಿಗೆ ಬುತ್ತಿ ಕಟ್ಟುವ ಖರ್ಚೇ ಹೆಚ್ಚಾಯಿತು. ಲೆಕ್ಕ ಅವನಿಗೆ ಅರ್ಥವಾಯಿತು, ಸಮಾಧಾನವಾಗಲಿಲ್ಲ. “ನಮ್ಮ ಮುತ್ಯಾನ ಸಾಮಾನಿಗೆ ಅವರ್ಯಾರು ಕೇಳಾವರು?” ಎಂದ.

ಈ ಪ್ರಶ್ನೆ ನಮ್ಮ ನೆಲದಲ್ಲಿ ಹೊಸದಲ್ಲ. ಮೂಡಲಗಿಯಿಂದ ಮೂಡಣಕ್ಕೆ ಹೊರಟರೆ ಮುಧೋಳ ಸೀಮೆ, ಆ ಸೀಮೆಯಲ್ಲಿ ಹಲಗಲಿ. 1857ರಲ್ಲಿ ಕಂಪನಿ ಸರಕಾರ ಆಯುಧ ಇದ್ದವರೆಲ್ಲ ನವೆಂಬರ್ 10ರೊಳಗೆ ಬರೆಸಿ ಪರವಾನಗಿ ಪಡೆಯಬೇಕೆಂದು ಹುಕುಂ ಹೊರಡಿಸಿತು. ಹಲಗಲಿಯ ಬೇಡರಿಗೆ ಆಯುಧ ಅಪ್ಪ ಮುತ್ಯಾರಿಂದ ಬಂದದ್ದು, ಅದಕ್ಕೆ ಚೀಟಿ ಏಕೆ? ಮುಧೋಳದ ಅಧಿಕಾರಿಗಳು ಮುಖಂಡ ಜಡಗನನ್ನು ಕರೆಸಿ, ಅವನು ಕೇಳದಿದ್ದರೂ ಪರವಾನಗಿಯನ್ನು ಕೈಗಿತ್ತು ಕಳಿಸಿದರು. ಒಬ್ಬ ತೆಗೆದುಕೊಂಡರೆ ಊರೆಲ್ಲ ತೆಗೆದುಕೊಂಡೀತೆಂಬುದು ಅವರ ಎಣಿಕೆ. ಊರು ಒಪ್ಪಲಿಲ್ಲ, ಜಡಗನೂ ಊರಿನ ಕಡೆಗೇ ನಿಂತ. ಮನವೊಲಿಸಲು ಬಂದವರು ಪೆಟ್ಟು ತಿಂದು ಮರಳಿದರು. ನವೆಂಬರ್ 29ರಂದು ದಂಡು ಬಂತು. ಮರುದಿನ ಊರಿಗೆ ಬೆಂಕಿ ಇಟ್ಟರು, 290 ಮಂದಿಯನ್ನು ಹಿಡಿದರು. ಡಿಸೆಂಬರ್ 11ರಂದು ಮುಧೋಳದಲ್ಲಿ ಹಲವರನ್ನು, 14ರಂದು ಹಲಗಲಿಯಲ್ಲೇ ಜಡಗ, ಬಾಳ್ಯಾ ಮೊದಲಾದವರನ್ನು ಗಲ್ಲಿಗೇರಿಸಿದರು. ಲಾವಣಿಕಾರರು ಅದನ್ನು ಹಾಡಿಕೊಂಡು ಬಂದರು, ಶಾಲೆಯ ಕನ್ನಡ ಪುಸ್ತಕಕ್ಕೂ ಆ ಲಾವಣಿ ಬಂತು. ಅದೇ ವರ್ಷದ ಮೇ ತಿಂಗಳಲ್ಲಿ ಮೀರತ್ತಿನ ಸಿಪಾಯಿಗಳು ಎದ್ದದ್ದೂ ಹಲ್ಲಿನಿಂದ ಕಚ್ಚಿ ಹರಿಯಬೇಕಾದ ಕಾಡತೂಸಿನ ಕಾಗದಕ್ಕಾಗಿ ಎಂಬುದನ್ನು ನೆನೆದರೆ, ಆ ವರ್ಷದ ಚರಿತ್ರೆಯ ತುಂಬ ಮದ್ದಿನ ವಾಸನೆಯೇ ಇದೆ.

ಹಲಗಲಿಯವರ ಕಥೆ ಹೇಳಿ ಅಣ್ಣನ ಬಾಯಿ ಮುಚ್ಚಿಸಬಹುದೆಂದುಕೊಂಡಿದ್ದೆ. ಅವನ ಎದೆ ಇನ್ನಷ್ಟು ಉಬ್ಬಿತು. ಆಗ ಹೇಳಬೇಕಾಯಿತು: ಅವರು ಎದುರಿಸಿದ್ದು ಕೇಳುವವರೇ ಇಲ್ಲದ ಪರದೇಶಿ ಸರಕಾರವನ್ನು, ನಮ್ಮ ಲೈಸೆನ್ಸು ಕೊಡುವುದು ನಾವೇ ಓಟು ಹಾಕಿ ಕೂರಿಸಿದ ಸರಕಾರ. ಜಡಗನ ಸಾಲಿನಲ್ಲಿ ನಿಲ್ಲಬೇಕೆಂದರೆ ಕಾಡುಹಂದಿಗಿಂತ ದೊಡ್ಡ ಕಾರಣ ಬೇಕು. ಕೊಡಗಿನವರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆಯಲ್ಲ ಎಂದ. ಇದೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಬಂದ ಆ ವಿನಾಯಿತಿಯನ್ನು 2029ರ ಅಕ್ಟೋಬರ್‌ವರೆಗೆ ಮುಂದುವರಿಸಿದ್ದಾರೆ. ಕೈಲ್ ಪೊಳ್ದ್ ಹಬ್ಬದಲ್ಲಿ ಅವರು ತೋಕಿಗೆ ಪೂಜೆ ಮಾಡುತ್ತಾರೆ. ಆದರೆ ಗೋಕಾಕದಲ್ಲಿ ಹುಟ್ಟಿ ಕೊಡಗಿನ ವಿನಾಯಿತಿ ಕೇಳಿದರೆ, ಮಡಿಕೇರಿಯವರು ಬಂದು ನಮ್ಮ ಕರದಂಟಿನ ಮೇಲೆ ಹಕ್ಕು ಸಾಧಿಸಿಯಾರು.

ನಿಜ ಹೇಳಬೇಕೆಂದರೆ ನಮ್ಮ ಭಾಗದ ಲೈಸೆನ್ಸಿನ ಬಂದೂಕಿಗೆ ಹಂದಿಗಿಂತ ಹೆಚ್ಚು ಕೆಲಸ ಕೊಡುವುದು ಚುನಾವಣೆ. ನೀತಿಸಂಹಿತೆ ಜಾರಿಯಾದರೆ, ಪರಿಶೀಲನಾ ಸಮಿತಿ ವಿನಾಯಿತಿ ಕೊಟ್ಟವರನ್ನು ಬಿಟ್ಟು, ಉಳಿದವರು ಬಂದೂಕನ್ನು ಠಾಣೆಯಲ್ಲಿಟ್ಟು ರಸೀದಿ ತರಬೇಕು. ಗೋಕಾಕದ ಬಂದೂಕಿನ ದಿನಚರಿ ನೋಡಿ. 2018ರ ಮೇ ತಿಂಗಳಲ್ಲಿ ವಿಧಾನಸಭೆ. 2019ರ ಏಪ್ರಿಲ್‌ನಲ್ಲಿ ಲೋಕಸಭೆ. ಅದೇ ವರ್ಷದ ಡಿಸೆಂಬರ್ 5ರಂದು ಗೋಕಾಕದ ಉಪಚುನಾವಣೆ. 2021ರ ಏಪ್ರಿಲ್ 17ರಂದು ಬೆಳಗಾವಿ ಲೋಕಸಭೆಯ ಉಪಚುನಾವಣೆ. 2023ರ ಮೇ 10, 2024ರ ಮೇ 7. ನಡುನಡುವೆ ಪಂಚಾಯಿತಿಯವು. ಹುಕ್ಕೇರಿ ಚಿಕ್ಕೋಡಿ ಲೋಕಸಭೆಗೆ ಸೇರಿದ್ದರಿಂದ ಭಾವನ ಊರಿನ ಬಂದೂಕುಗಳಿಗೆ ಇಷ್ಟು ತಿರುಗಾಟವಿಲ್ಲ. ನಮ್ಮ ಅಣ್ಣನದಂತೂ ಹೊಲಕ್ಕಿಂತ ಠಾಣೆಯ ದಾರಿಯನ್ನೇ ಚೆನ್ನಾಗಿ ಬಲ್ಲದು. ಮೇ ತಿಂಗಳೆಂದರೆ ಬಂದೂಕಿಗೆ ಬೇಸಿಗೆ ರಜೆ ಎಂದು ಹಂದಿಗಳಿಗೂ ಗೊತ್ತಾಗಿರಬೇಕು.

ಉಳಿದ ಒಂದು ದಿನ ಖಂಡೇ ನವಮಿಯದು. ನೇಗಿಲು, ಕುಡಗೋಲು, ಟ್ರ್ಯಾಕ್ಟರು, ಮೋಟಾರು ಸೈಕಲ್ಲು ಇವುಗಳ ಸಾಲಿನಲ್ಲಿ ಬಂದೂಕೂ ವಿಭೂತಿ ಬಳಿದುಕೊಂಡು, ಚೆಂಡುಹೂ ಸಿಕ್ಕಿಸಿಕೊಂಡು ನಿಲ್ಲುತ್ತದೆ. ಪೂಜೆಯ ದಿನ ಅದು ಖಾಲಿಯೇ ಇರಬೇಕು. ಒಂದು ಈಡು ಹಾರಿಸೆಂದು ಒತ್ತಾಯಿಸುವ ನೆಂಟರು ಎಲ್ಲ ಮನೆಯಲ್ಲೂ ಇರುತ್ತಾರೆ. ಹಬ್ಬದ ಸಂಭ್ರಮಕ್ಕೆ ಗುಂಡು ಹಾರಿಸಿ ಪರರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಸೆರೆ ಎಂದು ಅದೇ 2019ರ ತಿದ್ದುಪಡಿ ಹೇಳುತ್ತದೆ. ನಮ್ಮಲ್ಲಿ ಆ ನೆಂಟರು ಮೂಡಲಗಿಯಿಂದ ಬರುತ್ತಾರೆ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಟ್ರಂಕಿನ ವಿಷಯ ಹೀಗೆ ಮುಗಿಯಿತು. ಠಾಣೆಗೆ ಫೋನು ಮಾಡಿ ಇಂಥಿಂಥದ್ದು ಸಿಕ್ಕಿದೆ ಎಂದು ಹೇಳಿದೆವು. ನೀವಾಗಿ ಹೊತ್ತು ತರಬೇಡಿ, ಇದ್ದಲ್ಲೇ ಇರಲಿ, ನಾವೇ ಬರುತ್ತೇವೆ ಎಂದರು. ಬಂದವರು ಮೊದಲು ಹಾಲಿನ ಪುಡಿಯ ಡಬ್ಬಿ ಎಲ್ಲಿ ಎಂದು ಕೇಳಿದರು. ಆಮೇಲೆ ಪಂಚನಾಮೆ, ಸಹಿ, ಪಟ್ಟಿ. ಬರೆಯುತ್ತಿದ್ದ ಪೇದೆ ಯಂತ್ರದ ಬಳಿ ಬಂದು ನಿಂತು, “ಇದು ಏನ್ರಿ, ಶ್ಯಾವಗಿ ಮಷೀನನ?” ಎಂದು ಕೇಳಿದಾಗ ದೊಡ್ಡವ್ವ ಬಾಗಿಲಲ್ಲಿ ನಿಂತು, “ಬರ್ಕೊ ಯಪ್ಪಾ, ಹಂಗ ಬರ್ಕೊ” ಎಂದರು. ಅವರು ಹಾಗೆ ಬರೆದುಕೊಳ್ಳಲಿಲ್ಲ. ತೂತಿನ ಕಂಬಳಿಗಳು ಮಾತ್ರ ಕಾಯ್ದೆಯ ಯಾವ ವ್ಯಾಖ್ಯೆಗೂ ಸಿಗದೆ ಮನೆಯಲ್ಲೇ ಉಳಿದವು. ಅಣ್ಣ ಈಗ ಕಾಡತೂಸನ್ನು ಅಂಗಡಿಯಿಂದಲೇ ತರುತ್ತಾನೆ, ಲೈಸೆನ್ಸಿನಲ್ಲಿ ಬರೆದಷ್ಟೇ. ತುಟ್ಟಿಯಾದ್ದರಿಂದ ಹೊಲದಲ್ಲಿ ಮೊದಲು ಡಬ್ಬ ಬಡಿಯುತ್ತಾನೆ. ಹಂದಿಗಳು ಅದಕ್ಕೂ ಅಷ್ಟೇ ಓಡುತ್ತವೆ.

ಹಿರಿಯರಿಂದ ಬಂದದ್ದೆಲ್ಲ ಬಳಸುವುದಕ್ಕೇ ಎಂದು ತಿಳಿಯಬೇಕಾಗಿಲ್ಲ. ಕೆಲವನ್ನು ಬಳಸಬೇಕು, ಕೆಲವನ್ನು ಪೂಜಿಸಬೇಕು, ಕೆಲವನ್ನು ಪಂಚನಾಮೆ ಬರೆಸಿ ಒಪ್ಪಿಸಬೇಕು. ಮುತ್ಯಾನಿಂದ ಬಾರು ತುಂಬುವ ಕಲೆ ಬರಬೇಕೆಂದಿದ್ದರೆ ಅವನು ಬಾಯಿ ಮುಚ್ಚಿ ಕೂತಿರುತ್ತಿದ್ದನಲ್ಲ, ಆ ಎಚ್ಚರವೊಂದು ಬಂದರೆ ಸಾಕು. ಆ ಎಚ್ಚರ ಬಂದವನು ಹೆಸರಿಲ್ಲದ ಡಬ್ಬಿಯಿಂದ ಶುರು ಮಾಡುವುದಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿಯ ಹಳೆಯ ಮನೆಗಳ ಅಟ್ಟದ ಮೇಲೆ ಇಂಥ ಟ್ರಂಕುಗಳು ಇನ್ನೂ ಇರಬಹುದು. ಇದ್ದರೆ ಡಬ್ಬಿಯ ಮುಚ್ಚಳ ತೆಗೆಯಬೇಡಿ, ಅಲುಗಿಸಿ ನೋಡಬೇಡಿ, ಬಿಸಿಲಿಗೆ ಹರಡಬೇಡಿ, ಬಾವಿಗೆ ಸುರಿಯಬೇಡಿ. ಮಕ್ಕಳನ್ನು ದೂರ ಕಳಿಸಿ, ಬೀಡಿ ಆರಿಸಿ, ಹತ್ತಿರದ ಠಾಣೆಗೋ 112ಕ್ಕೋ ಫೋನು ಮಾಡಿ. ಅಷ್ಟಾದ ಮೇಲೂ ಬಾರು ತುಂಬುವ ಆಸೆ ಉಳಿದಿದ್ದರೆ, ಮೊದಲು ಲೈಸೆನ್ಸಿನ ಅರ್ಜಿ ತುಂಬಿ.